ವಿಂಡೋಸ್ 10 ಬಿಟ್ಟು ಲಿನಕ್ಸ್ ಮಿಂಟ್‌ಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಆಮೇಲಿಂದ ಪರಿಚಯದವರು ಕೇಳುವುದೆಲ್ಲ ಒಂದೇ: ಲ್ಯಾಪ್‌ಟಾಪ್ ಇನ್ನೂ ಗಟ್ಟಿಮುಟ್ಟಾಗಿದೆ, ವಿಂಡೋಸ್ 11 ಮಾತ್ರ ಆಗಲ್ಲ ಅನ್ನುತ್ತಿದೆ, ಏನು ಮಾಡಲಿ? ನನ್ನ ಉತ್ತರ ಲಿನಕ್ಸ್ ಮಿಂಟ್, ಅಂದರೆ ವಿಂಡೋಸ್ ಜಾಗದಲ್ಲಿ ಹಾಕಿಕೊಳ್ಳಬಹುದಾದ ಉಚಿತ ಆಪರೇಟಿಂಗ್ ಸಿಸ್ಟಮ್. ಅದನ್ನು ಹಾಕುವುದು ಹೇಗೆ ಅಂತ ಇಲ್ಲಿ ಬರೆದಿಟ್ಟಿದ್ದೇನೆ. ಇದು ಕಂಪ್ಯೂಟರ್ ಪಂಡಿತರಿಗಲ್ಲ. ಬ್ರೌಸರ್, ವಾಟ್ಸಾಪ್, ನಾಲ್ಕು ಕಾಗದಪತ್ರ, ಫೋಟೋ ಇಷ್ಟಕ್ಕೆ ಕಂಪ್ಯೂಟರ್ ಬಳಸುವವರಿಗೆ, ಮತ್ತು ಅಂಥವರ ಮನೆಗೆ ಹೋಗಿ ಹಾಕಿಕೊಡುವ ತಮ್ಮ, ಮಗಳು, ಅಳಿಯಂದಿರಿಗೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇನ್‌ಸ್ಟಾಲ್ ಮಾಡುವುದು ಅರ್ಧ ಗಂಟೆಯ ಕೆಲಸ. ಜನ ಸೋಲುವುದು ಅದಕ್ಕೆ ಮುಂಚಿನ ತಯಾರಿಯಲ್ಲಿ ಮತ್ತು ಆಮೇಲಿನ ಡೆಸ್ಕ್‌ಟಾಪ್ ಜೋಡಣೆಯಲ್ಲಿ. ಹಾಗಾಗಿ ಇಲ್ಲಿ ಅವೆರಡೇ ಜಾಸ್ತಿ ಇವೆ.

ಲ್ಯಾಪ್‌ಟಾಪ್ ಚೆನ್ನಾಗೇ ಓಡುತ್ತಿದೆ. ವಿಂಡೋಸ್ 11 ಯಾಕೆ ಬೇಡ ಅನ್ನುತ್ತಿದೆ?

ಮೈಕ್ರೋಸಾಫ್ಟ್ ಹಾಕಿರುವ ಷರತ್ತು ಹಾಗಿದೆ. ಟಿಪಿಎಂ 2.0 ಅನ್ನುವ ಭದ್ರತಾ ಸೌಲಭ್ಯ ಇರಬೇಕು, ಆನ್ ಆಗುವಾಗ ನಂಬಿಕಸ್ತ ಸಾಫ್ಟ್‌ವೇರನ್ನಷ್ಟೇ ಒಳಗೆ ಬಿಡುವ ಸೆಕ್ಯೂರ್ ಬೂಟ್ ಇರಬೇಕು, ಪ್ರೊಸೆಸರ್ ಅವರ ಪಟ್ಟಿಯಲ್ಲಿರಬೇಕು. ಇಂಟೆಲ್ ಆದರೆ ಹೆಚ್ಚುಕಮ್ಮಿ 8ನೇ ತಲೆಮಾರು ಅಥವಾ ಅದರ ಈಚೆಗಿನದು. ಅಂದರೆ 2016ರಲ್ಲಿ ತೆಗೆದುಕೊಂಡ ಒಳ್ಳೇ ಐ7 ಕೂಡ ಹೊರಗೆ, ಆಮೇಲೆ ಬಂದ ಅಗ್ಗದ ಮಷಿನ್ ಒಳಗೆ. ನಿಮ್ಮ ಲ್ಯಾಪ್‌ಟಾಪ್ ಕೆಟ್ಟಿದೆ ಅಂತ ಇದರ ಅರ್ಥ ಅಲ್ಲ.

ಸುಮ್ನೆ ವಿಂಡೋಸ್ 10ರಲ್ಲೇ ಇದ್ದುಬಿಟ್ಟರೆ?

ನಾಳೆಯೇ ಏನೂ ಆಗಲ್ಲ. ಅದು ಎಂದಿನಂತೆ ಆನ್ ಆಗುತ್ತೆ, ಕೆಲಸ ಮಾಡುತ್ತೆ. ಆದರೆ ಹೊಸದಾಗಿ ಸಿಗುವ ಭದ್ರತಾ ತೂತುಗಳನ್ನು ಮುಚ್ಚುವವರು ಇರುವುದಿಲ್ಲ. ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆಗೆ ಸೇರಿದರೆ ಮನೆ ಬಳಕೆಯವರಿಗೆ 2026ರ ಅಕ್ಟೋಬರ್ 13ರವರೆಗೆ ಸಿಗುತ್ತದೆ. ಬ್ಯಾಂಕಿಂಗ್ ಎಲ್ಲ ಅದೇ ಮಷಿನ್‌ನಲ್ಲಿ ಮಾಡುತ್ತೀರಾದರೆ ಕಾಲ ತಳ್ಳಬೇಡಿ.

ಅಂಗಡಿಯವರು ಕಡಿಮೆ ದುಡ್ಡಿಗೆ ವಿಂಡೋಸ್ 11 ಹಾಕಿಕೊಡುತ್ತೇವೆ ಅಂತಾರಲ್ಲ?

ಹಾಕಿಕೊಡುತ್ತಾರೆ. ಷರತ್ತಿನ ತಪಾಸಣೆಯನ್ನು ದಾಟಿಸುವ ದಾರಿಗಳಿವೆ. ಆದರೆ ಅಂಥ ಮಷಿನ್‌ಗೆ ಅಪ್‌ಡೇಟ್ ಬಂದೇ ಬರುತ್ತದೆ ಅನ್ನುವ ಭರವಸೆಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ಇನ್ನೊಂದು ವಿಷಯ ಜಾಸ್ತಿ ಗಂಭೀರ. ಲೈಸೆನ್ಸ್ ಇಲ್ಲದ ಕಾಪಿ ಹಾಕಿ, ಆಂಟಿವೈರಸ್ ಆಫ್ ಮಾಡಿ, ಯಾರೋ ಬರೆದ ಆಕ್ಟಿವೇಟರ್ ಓಡಿಸಿ ಕೊಟ್ಟರೆ, ಆ ಪ್ರೋಗ್ರಾಂ ಒಳಗೆ ಇನ್ನೇನಿದೆ ಅಂತ ಅಂಗಡಿಯವರಿಗೂ ಗೊತ್ತಿರಲ್ಲ. ಅದೇ ಮಷಿನ್‌ನಲ್ಲಿ ಆಮೇಲೆ ನೀವು ನೆಟ್‌ಬ್ಯಾಂಕಿಂಗ್ ಪಾಸ್‌ವರ್ಡ್ ಹೊಡೆಯುತ್ತೀರಿ, ಅಲ್ವಾ?

ಲಿನಕ್ಸ್‌ನಲ್ಲಿ ನೂರೆಂಟು ಬಗೆ ಇವೆ. ಯಾವುದು ಹಾಕಲಿ?

ಲಿನಕ್ಸ್ ಮಿಂಟ್, ಸಿನಮನ್ ಆವೃತ್ತಿ (ಅದರ ಡೆಸ್ಕ್‌ಟಾಪ್ ರೂಪದ ಹೆಸರು). ಚರ್ಚೆ ಇಲ್ಲಿಗೇ ನಿಲ್ಲಲಿ. ಉಬುಂಟು, ಫೆಡೋರಾ, ಜೋರಿನ್ ಎಲ್ಲ ಒಳ್ಳೆಯವೇ. ಜೋರಿನ್‌ನವರು ತಮ್ಮ 18ನೇ ಆವೃತ್ತಿಯನ್ನು ವಿಂಡೋಸ್ 10ರ ಅಪ್‌ಡೇಟ್ ನಿಂತ ದಿನವೇ ಬಿಟ್ಟರು, ಒಳ್ಳೇ ವ್ಯಾಪಾರಿ ಬುದ್ಧಿ. ಆದರೂ ನಾನು ಮಿಂಟ್ ಹೇಳುವುದಕ್ಕೆ ಕಾರಣ ಸರಳ: ಕೆಳಗೆ ಪಟ್ಟಿ, ಎಡಮೂಲೆಯಲ್ಲಿ ಮೆನು, ಬಲಮೂಲೆಯಲ್ಲಿ ಗಡಿಯಾರ, ವಿಂಡೋಸ್ ಬಳಸಿದವರ ಕೈ ತಾನಾಗೇ ಸರಿಯಾದ ಜಾಗಕ್ಕೆ ಹೋಗುತ್ತದೆ. 2006ರಿಂದ ಇದೆ, ದಿಢೀರ್ ಅಂತ ರೂಪ ಬದಲಿಸುವ ಚಾಳಿ ಇಲ್ಲ. ಈಗಿನ 22ರ ಸರಣಿಗೆ 2029ರವರೆಗೆ ಅಪ್‌ಡೇಟ್ ಇದೆ.

ಯಾರು ಬದಲಾಯಿಸಬಾರದು?

ಇದನ್ನು ಯಾರೂ ಕೇಳಲ್ಲ, ಆದರೆ ಮೊದಲು ಕೇಳಬೇಕಾದ್ದು ಇದೇ.

ಟ್ಯಾಲಿಯಲ್ಲಿ ಲೆಕ್ಕ ಬರೆಯುವವರು ಬದಲಾಯಿಸಬೇಡಿ. ಡಿಟಿಪಿ, ಫ್ಲೆಕ್ಸ್, ಲಗ್ನಪತ್ರಿಕೆ ಕೆಲಸದವರು, ಅಂದರೆ ಪೇಜ್‌ಮೇಕರ್, ಕೋರೆಲ್‌ಡ್ರಾ, ಫೋಟೋಶಾಪ್‌ನಲ್ಲಿ ದಿನ ಕಳೆಯುವವರು, ನೀವಂತೂ ಬೇಡವೇ ಬೇಡ. ಆಧಾರ್ ಬೆರಳಚ್ಚು ಯಂತ್ರ ಇಟ್ಟುಕೊಂಡಿರುವ ಸೇವಾ ಕೇಂದ್ರಗಳೂ ಅಷ್ಟೆ, ಆ ಯಂತ್ರಗಳ ಸಾಫ್ಟ್‌ವೇರ್ ಹೆಚ್ಚಾಗಿ ವಿಂಡೋಸ್ ಮತ್ತು ಆಂಡ್ರಾಯ್ಡ್‌ಗೇ ಮಾಡಿದ್ದು. ಟೆಂಡರ್, ಜಿಎಸ್‌ಟಿಗೆ ಡಿಜಿಟಲ್ ಸಹಿಯ ಟೋಕನ್ ಚುಚ್ಚುವವರಿಗೆ ಲಿನಕ್ಸ್‌ನಲ್ಲಿ ಆಗುವುದೇ ಇಲ್ಲ ಅಂತಲ್ಲ, ಆದರೆ ಕೊನೇ ದಿನ ಸಂಜೆ ಅದರ ಜೊತೆ ಗುದ್ದಾಡುವುದು ಯಾರಿಗೂ ಬೇಡ. ವೈನ್ ಅಂತ ಒಂದಿದೆಯಲ್ಲ, ಅದರಲ್ಲಿ ವಿಂಡೋಸ್ ಪ್ರೋಗ್ರಾಂ ಓಡಿಸಬಹುದಲ್ಲ ಅನ್ನುತ್ತಾರೆ. ಓಡಿದರೆ ಸರಿ. ಹೊಟ್ಟೆಪಾಡಿನ ಕೆಲಸವನ್ನು ಅದರ ಮೇಲೆ ನಿಲ್ಲಿಸಬೇಡಿ.

ಉಳಿದವರಿಗೆ ತೊಂದರೆ ಇಲ್ಲ. ಬ್ರೌಸರ್‌ನಲ್ಲಿ ನಡೆಯುವ ಸೇವಾಸಿಂಧು, ಕಾವೇರಿ, ಬ್ಯಾಂಕು, ರೈಲು ಟಿಕೆಟ್ಟು, ಯೂಟ್ಯೂಬು ಎಲ್ಲ ಅಲ್ಲಿ ಹೇಗೋ ಇಲ್ಲೂ ಹಾಗೆಯೇ.

ನನ್ನ ಮಷಿನ್ ತಡೆದುಕೊಳ್ಳುತ್ತಾ?

ಮಿಂಟ್‌ನವರು ಹೇಳುವ ಕನಿಷ್ಠ 2 ಜಿಬಿ ರ‍್ಯಾಮ್, ಆರಾಮಾಗಿ ಅಂದರೆ 4 ಜಿಬಿ. 4 ಜಿಬಿಯಲ್ಲಿ ಮಿಂಟ್ ಆರಾಮಾಗಿರುತ್ತೆ, ಕ್ರೋಮ್‌ನಲ್ಲಿ ಹದಿನೈದು ಟ್ಯಾಬ್ ತೆರೆದರೆ ನೀವು ಆರಾಮಾಗಿರಲ್ಲ. 8 ಇದ್ದರೆ ಚಿಂತೆಯೇ ಇಲ್ಲ.

ಆದರೆ ನಿಜವಾದ ವ್ಯತ್ಯಾಸ ಇರುವುದು ಡಿಸ್ಕ್‌ನಲ್ಲಿ. ತಿರುಗುವ ಹಳೇ ಹಾರ್ಡ್‌ಡಿಸ್ಕ್ ಇದ್ದರೆ ಮಿಂಟ್ ಹಾಕಿದರೂ ಆನ್ ಆಗುವಷ್ಟರಲ್ಲಿ ಕಾಫಿ ಕುಡಿದು ಬರಬಹುದು. ಮೊದಲು ಒಂದು ಸಣ್ಣ ಎಸ್‌ಎಸ್‌ಡಿ (ತಿರುಗುವ ಭಾಗ ಇಲ್ಲದ, ವೇಗದ ಡಿಸ್ಕ್) ಹಾಕಿಸಿ. ಬೆಂಗಳೂರಿನವರಾದರೆ ಎಸ್‌ಪಿ ರೋಡಿನಲ್ಲಿ ನಿಂತ ಜಾಗದಲ್ಲೇ ಹಾಕಿಕೊಡುತ್ತಾರೆ, ಬೇರೆ ಊರುಗಳಲ್ಲೂ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಆಗುತ್ತದೆ. ಇದರಲ್ಲಿ ಇನ್ನೊಂದು ಲಾಭ ಇದೆ. ಹಳೇ ಡಿಸ್ಕ್ ಅನ್ನು ಹಾಗೇ ತೆಗೆದಿಟ್ಟರೆ ನಿಮ್ಮ ವಿಂಡೋಸ್, ಫೈಲು ಎಲ್ಲ ಇದ್ದಲ್ಲೇ ಇರುತ್ತವೆ.

ಮಷಿನ್ 32 ಬಿಟ್ ಆಗಿದ್ದರೆ ಮಿಂಟ್ 22 ಹತ್ತಲ್ಲ. ಅಷ್ಟು ಹಳೆಯದಕ್ಕೆ ದುಡ್ಡು ಹಾಕದಿರುವುದೇ ಮೇಲು.

ಶುರು ಮಾಡುವ ಮುಂಚೆ ಏನೇನು ಎತ್ತಿಟ್ಟುಕೊಳ್ಳಬೇಕು?

ಫೈಲುಗಳು, ಸರಿ. ಆದರೆ ಡಾಕ್ಯುಮೆಂಟ್ಸ್ ಫೋಲ್ಡರ್ ಒಂದನ್ನೇ ಕಾಪಿ ಮಾಡಿ ಮುಗಿಯಿತು ಅನ್ನಬೇಡಿ. ನಮ್ಮ ಜನರ ಮುಖ್ಯ ಕಾಗದಗಳೆಲ್ಲ ಇರುವುದು ಡೆಸ್ಕ್‌ಟಾಪ್ ಮೇಲೆ ಮತ್ತು ಡೌನ್‌ಲೋಡ್ಸ್ ಒಳಗೆ. ಡಿ ಡ್ರೈವ್ ಇದ್ದರೆ ಅದನ್ನೂ ನೋಡಿ. ಒನ್‌ಡ್ರೈವ್ ಬಳಸುತ್ತಿದ್ದರೆ ಹುಷಾರು, ಮೋಡದ ಚಿಹ್ನೆ ಇರುವ ಫೈಲು ಪಟ್ಟಿಯಲ್ಲಿ ಕಂಡರೂ ನಿಮ್ಮ ಡಿಸ್ಕ್‌ನಲ್ಲಿ ಇರುವುದಿಲ್ಲ. ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳನ್ನು ಮರೆಯಬೇಡಿ, ಮನೆಯ ವೈಫೈ ಪಾಸ್‌ವರ್ಡನ್ನು ಬರೆದುಕೊಳ್ಳಿ.

ಇನ್ನು ಬಿಟ್‌ಲಾಕರ್, ಅಂದರೆ ವಿಂಡೋಸ್ ಡಿಸ್ಕ್‌ಗೆ ಹಾಕುವ ಬೀಗ. ಈಚಿನ ಬಹಳ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್‌ಗೆ ಬೀಗ ಹಾಕಿರುವುದು ಮಾಲೀಕರಿಗೇ ಗೊತ್ತಿರುವುದಿಲ್ಲ. ಬಯಾಸ್‌ನಲ್ಲಿ (ವಿಂಡೋಸ್ ಏಳುವ ಮುಂಚೆ ತೆರೆಯಬಹುದಾದ ಮಷಿನ್‌ನ ಸೆಟ್ಟಿಂಗ್ಸ್) ಏನಾದರೂ ಬದಲಿಸಿದ ಕೂಡಲೇ ವಿಂಡೋಸ್ 48 ಅಂಕಿಯ ರಿಕವರಿ ಕೀ ಕೇಳಿ ಕೂತುಬಿಡುತ್ತದೆ. ಆ ಕೀ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಮೊದಲೇ ಲಾಗಿನ್ ಆಗಿ ಕಾಗದದ ಮೇಲೆ ಬರೆದಿಡಿ. ಅದೇ ಲ್ಯಾಪ್‌ಟಾಪ್ ಒಳಗೆ ಬರೆದಿಟ್ಟರೆ ಬೀಗದ ಕೈಯನ್ನು ಒಳಗಿಟ್ಟು ಬಾಗಿಲು ಎಳೆದುಕೊಂಡ ಹಾಗೆ.

ದಿನಕ್ಕೆ 2 ಜಿಬಿ ಡೇಟಾ ಪ್ಯಾಕ್. ಮಿಂಟ್‌ನ ಸುಮಾರು 3 ಜಿಬಿ ಫೈಲ್ ಹೇಗೆ ಇಳಿಸಲಿ?

ಟೊರೆಂಟ್‌ನಲ್ಲಿ ಇಳಿಸಿ. ಇವತ್ತಿನ ಡೇಟಾ ಮುಗಿದರೆ ನಿಲ್ಲಿಸಿ, ನಾಳೆ ನಿಂತಲ್ಲಿಂದಲೇ ಮುಂದುವರಿಸಬಹುದು. ಬ್ರೌಸರ್‌ನಲ್ಲಿ ಇಳಿಸಿದರೆ ಮುಕ್ಕಾಲಕ್ಕೆ ಬಂದು ಕೈಕೊಡುವುದೇ ಜಾಸ್ತಿ. ಮನೆಯಲ್ಲಿ ಫೈಬರ್ ಇರುವ ಗೆಳೆಯರಿದ್ದರೆ ಪೆನ್‌ಡ್ರೈವ್ ಹಿಡಿದು ಹೋಗಿ, ಇನ್ನೂ ಸುಲಭ. ಇನ್‌ಸ್ಟಾಲ್ ಆದ ಮೇಲೂ ಮೊದಲ ಅಪ್‌ಡೇಟ್‌ಗೆ ಒಂದಷ್ಟು ಡೇಟಾ ಬೇಕಾಗುತ್ತೆ, ಅದನ್ನೂ ಲೆಕ್ಕದಲ್ಲಿಡಿ.

ಇಳಿಸಿದ ಮೇಲೆ ಚೆಕ್‌ಸಮ್, ಅಂದರೆ ಫೈಲಿನ ಗುರುತಿನ ಸಂಖ್ಯೆ, ಮಿಂಟ್‌ನವರು ಕೊಟ್ಟದ್ದಕ್ಕೆ ತಾಳೆ ಆಗುತ್ತಾ ನೋಡಿ. ಸುಮ್ಮನೆ ಹೇಳುತ್ತಿಲ್ಲ. 2016ರ ಫೆಬ್ರವರಿಯಲ್ಲಿ ಮಿಂಟ್‌ನ ವೆಬ್‌ಸೈಟಿಗೇ ಕನ್ನ ಹಾಕಿ, ಹಿಂಬಾಗಿಲು ಇಟ್ಟ ಕಾಪಿಯ ಕಡೆಗೆ ಜನರನ್ನು ಕಳಿಸಿದ್ದರು. ಮಿಂಟ್‌ನವರು ತಾವೇ ಅದನ್ನು ಹೊರಗೆ ಹೇಳಿದರು. ತಾಳೆ ನೋಡುವ ವಿಧಾನ ಅವರ ಡೌನ್‌ಲೋಡ್ ಪುಟದಲ್ಲೇ ಇದೆ, ಎರಡು ನಿಮಿಷದ ಕೆಲಸ.

ಫೈಲನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಿದೆ. ಬೂಟ್ ಆಗುತ್ತಿಲ್ಲ, ಅಂದರೆ ಅದರಿಂದ ಮಷಿನ್ ಏಳುತ್ತಿಲ್ಲ.

ಕಾಪಿ ಮಾಡಿದರೆ ಆಗಲ್ಲ, ಬರೆಯಬೇಕು. ಬಲೀನಾ ಎಚರ್ ಅನ್ನುವ ಪ್ರೋಗ್ರಾಂನಲ್ಲಿ ಮೂರು ಗುಂಡಿ ಅಷ್ಟೆ: ಫೈಲ್ ಆರಿಸಿ, ಪೆನ್‌ಡ್ರೈವ್ ಆರಿಸಿ, ಫ್ಲ್ಯಾಶ್ ಒತ್ತಿ. ರೂಫಸ್ ಕೂಡ ಒಳ್ಳೆಯದು, ಆಯ್ಕೆಗಳು ಜಾಸ್ತಿ. 8 ಜಿಬಿಯ ಪೆನ್‌ಡ್ರೈವ್ ಸಾಕು. ಅದರಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ, ಮದುವೆ ಫೋಟೋ ಇರುವ ಪೆನ್‌ಡ್ರೈವ್ ತರಬೇಡಿ. ನಾಲ್ಕಾರು ಮನೆಗೆ ಹಾಕಿಕೊಡುವವರು ವೆಂಟಾಯ್ ನೋಡಿ. ಅದನ್ನು ಒಮ್ಮೆ ಹಾಕಿಟ್ಟರೆ ಐಎಸ್‌ಒ ಫೈಲುಗಳನ್ನು (ನೀವು ಇಳಿಸಿಕೊಂಡ ಮಿಂಟ್‌ನ ಫೈಲಿನಂಥವು) ಸುಮ್ನೆ ಕಾಪಿ ಮಾಡಿದರೂ ಬೂಟ್ ಆಗುತ್ತವೆ.

ಪೆನ್‌ಡ್ರೈವ್ ಹಾಕಿದರೂ ವಿಂಡೋಸೇ ತೆರೆಯುತ್ತಿದೆ.

ಆನ್ ಮಾಡಿದ ತಕ್ಷಣ ಬೂಟ್ ಮೆನುವಿನ ಕೀ ಒತ್ತಬೇಕು. ಡೆಲ್, ಲೆನೊವೊ ಎಫ್12. ಎಚ್‌ಪಿ ಎಫ್9, ಮೊದಲು ಎಸ್ಕೇಪ್ ಒತ್ತಿಟ್ಟುಕೊಂಡರೆ ಪಟ್ಟಿಯೇ ಬರುತ್ತೆ. ಆಸುಸ್ ಲ್ಯಾಪ್‌ಟಾಪ್‌ಗಳಲ್ಲಿ ಎಸ್ಕೇಪ್. ಏಸರ್ ಎಫ್12, ಆದರೆ ಅದನ್ನು ಎಷ್ಟೋ ಮಾಡೆಲ್‌ಗಳಲ್ಲಿ ಬಯಾಸ್ ಒಳಗೆ ಹೋಗಿ ಮೊದಲು ಆನ್ ಮಾಡಬೇಕು. ಒಂದು ಸಲ ಒತ್ತಿ ಕಾಯಬೇಡಿ, ಟಕ ಟಕ ಅಂತ ಒತ್ತುತ್ತಲೇ ಇರಿ. ಆದರೂ ವಿಂಡೋಸ್‌ಗೇ ಹೋದರೆ ಶಿಫ್ಟ್ ಹಿಡಿದುಕೊಂಡು ರೀಸ್ಟಾರ್ಟ್ ಕೊಡಿ, ಬರುವ ನೀಲಿ ಪರದೆಯಲ್ಲಿ ಯೂಸ್ ಎ ಡಿವೈಸ್ ಅಂತ ಇರುತ್ತದೆ.

ಲೋಗೋ ಬಂದು ಪರದೆ ಕಪ್ಪಾದರೆ, ಅದರಲ್ಲೂ ಎನ್ವಿಡಿಯಾ ಕಾರ್ಡ್ ಇದ್ದರೆ, ಮತ್ತೆ ಶುರು ಮಾಡಿ ಕಂಪ್ಯಾಟಿಬಿಲಿಟಿ ಮೋಡ್ ಆರಿಸಿ.

ಇನ್‌ಸ್ಟಾಲ್ ಮಾಡದೇ ನೋಡಬಹುದಾ?

ನೋಡಲೇಬೇಕು. ಪೆನ್‌ಡ್ರೈವ್‌ನಿಂದ ತೆರೆದಾಗ ಇಡೀ ಮಿಂಟ್ ಓಡುತ್ತದೆ, ಡಿಸ್ಕ್‌ನಲ್ಲಿ ಏನೂ ಮುಟ್ಟುವುದಿಲ್ಲ. ಆಗಲೇ ವೈಫೈ ಸೇರಿಸಿ, ಒಂದು ಹಾಡು ಹಾಕಿ, ಕ್ಯಾಮೆರಾ ತೆರೆಯಿರಿ, ಪರದೆಯ ಬೆಳಕು ಹೆಚ್ಚುಕಮ್ಮಿ ಮಾಡಿ, ಮುಚ್ಚಳ ಮುಚ್ಚಿ ತೆಗೆಯಿರಿ. ಇಲ್ಲಿ ಸರಿ ಇದ್ದದ್ದು ಇನ್‌ಸ್ಟಾಲ್ ಆದ ಮೇಲೂ ಹೆಚ್ಚಾಗಿ ಸರಿಯೇ ಇರುತ್ತದೆ. ವೈಫೈ ಕಾಣದಿದ್ದರೆ ಬ್ರಾಡ್‌ಕಾಮ್ ಚಿಪ್ ಇರಬಹುದು. ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲಿ ಸೇರಿಸಿ ಟೆದರಿಂಗ್ ಆನ್ ಮಾಡಿ, ನೆಟ್ ಬಂದ ಮೇಲೆ ಡ್ರೈವರ್ ಮ್ಯಾನೇಜರ್ ತೆರೆದರೆ ಬೇಕಾದ ಡ್ರೈವರ್ (ಆ ಚಿಪ್ ಓಡಿಸುವ ಪ್ರೋಗ್ರಾಂ) ಅದೇ ತೋರಿಸುತ್ತದೆ.

ಇನ್‌ಸ್ಟಾಲ್ ಮಾಡುವಾಗ ಎಲ್ಲಿ ಎಡವುತ್ತಾರೆ?

ಪರದೆಗಳು ಏಳೆಂಟು. ಯೋಚಿಸಿ ಒತ್ತಬೇಕಾದವು ಮೂರು.

ಮೊದಲನೆಯದು ಕೀಬೋರ್ಡ್. ಇಲ್ಲಿ ಇಂಗ್ಲಿಷ್ ಯುಎಸ್ ಇರಲಿ. ಅಭಿಮಾನದಿಂದ ಕನ್ನಡ ಆರಿಸಬೇಡಿ, ಮುಂದೆ ಪಾಸ್‌ವರ್ಡ್ ಹೊಡೆಯುವಾಗ ಪರದಾಡುತ್ತೀರಿ. ಕನ್ನಡ ಆಮೇಲೆ ಸೇರಿಸೋಣ.

ಎರಡನೆಯದು ಹಾಡು, ವಿಡಿಯೋ ಓಡಲು ಬೇಕಾದ ಮಲ್ಟಿಮೀಡಿಯಾ ಕೋಡೆಕ್ ಹಾಕಲಾ ಅಂತ ಕೇಳುವ ಡಬ್ಬಿ. ಟಿಕ್ ಹಾಕಿ. ಸೆಕ್ಯೂರ್ ಬೂಟ್ ಆನ್ ಇದ್ದರೆ ಆಗ ಒಂದು ಪಾಸ್‌ವರ್ಡ್ ಕೇಳಬಹುದು, ಸುಲಭದ್ದು ಕೊಟ್ಟು ನೆನಪಿಡಿ. ಯಾಕಂದರೆ ರೀಸ್ಟಾರ್ಟ್ ಆದಾಗ ಒಂದು ನೀಲಿ ಪರದೆ ಬಂದು ಹತ್ತು ಸೆಕೆಂಡ್ ಮಾತ್ರ ಕಾಯುತ್ತದೆ. ಏನಾದರೂ ಕೀ ಒತ್ತಿ, ಎನ್‌ರೋಲ್ ಎಂಒಕೆ, ಕಂಟಿನ್ಯೂ, ಯೆಸ್, ಅದೇ ಪಾಸ್‌ವರ್ಡ್. ಇದನ್ನು ನೋಡಿ ವೈರಸ್ ಅಂದುಕೊಂಡು ಆಫ್ ಮಾಡಿದವರಿದ್ದಾರೆ. ತಪ್ಪಿಹೋದರೆ ಎನ್ವಿಡಿಯಾ, ಬ್ರಾಡ್‌ಕಾಮ್ ಡ್ರೈವರ್ ಏಳುವುದಿಲ್ಲ.

ಮೂರನೆಯದು ಡಿಸ್ಕ್. ಇರೇಸ್ ಡಿಸ್ಕ್ ಅಂದರೆ ಅಳಿಸುತ್ತೇನೆ ಅಂತಲೇ, ಸಿ ಡ್ರೈವ್ ಮಾತ್ರ ಅಲ್ಲ, ಡಿ, ಇ ಎಲ್ಲ. ಎರಡು ಡಿಸ್ಕ್ ಇರುವ ಮಷಿನ್‌ನಲ್ಲಿ ಯಾವುದಕ್ಕೆ ಅಂತ ಕೇಳುತ್ತದೆ, ಹೆಸರುಗಳು ಅರ್ಥವಾಗುವುದಿಲ್ಲ, ಗಾತ್ರ ನೋಡಿ ಗುರುತು ಹಿಡಿಯಿರಿ. ಬ್ಯಾಕಪ್ ತೆಗೆದ ಎಕ್ಸ್‌ಟರ್ನಲ್ ಡಿಸ್ಕ್ ಇದ್ದರೆ ಈ ಪರದೆಗೆ ಬರುವ ಮುಂಚೆಯೇ ಕಿತ್ತು ಬೀರುವಿನಲ್ಲಿಡಿ. ಕೊನೆಗೆ ಏನೇನು ಬದಲಾಗುತ್ತದೆ ಅಂತ ಒಂದು ಪಟ್ಟಿ ಬರುತ್ತದೆ. ಅಲ್ಲಿ ಕಂಟಿನ್ಯೂ ಒತ್ತಿದ ಮೇಲೆ ವಾಪಸ್ ದಾರಿ ಇಲ್ಲ.

ಸಮಯ ವಲಯಕ್ಕೆ ಕೋಲ್ಕತ್ತಾ ಅಂತ ತೋರಿಸುತ್ತದೆ, ಇಡೀ ದೇಶಕ್ಕೆ ಅದೇ. ಮತ್ತೆ, ಚಾರ್ಜರ್ ಹಾಕಿರಲಿ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಆದರೆ ಕರೆಂಟ್ ಹೋಗದ ಹೊತ್ತು ನೋಡಿಕೊಂಡು ಶುರು ಮಾಡಿ, ಪಾರ್ಟಿಷನ್ ಬದಲಾಗುವಾಗ ಕರೆಂಟ್ ಹೋದರೆ ಫೈಲುಗಳಿಗೇ ಸಂಚಕಾರ.

ಡಿಸ್ಕ್ ಕಾಣಿಸುತ್ತಲೇ ಇಲ್ಲ.

ಬಯಾಸ್‌ನಲ್ಲಿ ಸ್ಟೋರೇಜ್ ರೇಡ್ ಅಥವಾ ಇಂಟೆಲ್ ಆರ್‌ಎಸ್‌ಟಿ ಅಂತ ಇರುತ್ತದೆ. ಎಎಚ್‌ಸಿಐಗೆ ಬದಲಿಸಿ. ವಿಂಡೋಸ್ ಕೂಡ ಉಳಿಸಿಕೊಳ್ಳುವವರು ದಿಢೀರ್ ಬದಲಿಸಬೇಡಿ, ವಿಂಡೋಸ್ ಏಳದೇ ಹೋಗಬಹುದು. ಮೊದಲು ಅದನ್ನು ಸೇಫ್ ಮೋಡ್‌ಗೆ ಹಾಕಿ, ಬದಲಿಸಿ, ಒಮ್ಮೆ ಸೇಫ್ ಮೋಡ್‌ನಲ್ಲಿ ತೆರೆದು ಆಮೇಲೆ ಮಾಮೂಲಿಗೆ ತನ್ನಿ.

ಎರಡೂ ಇಟ್ಟುಕೊಳ್ಳಲಾ? ವಿಂಡೋಸೂ ಇರಲಿ, ಮಿಂಟೂ ಇರಲಿ.

ನಿಮಗೆ ಬೇಕಾದರೆ ಇಟ್ಟುಕೊಳ್ಳಿ. ಅಪ್ಪ ಅಮ್ಮನಿಗೆ ಬೇಡ. ಆನ್ ಮಾಡಿದ ಕೂಡಲೇ ಕಪ್ಪು ಪರದೆಯಲ್ಲಿ ಯಾವುದು ಬೇಕು ಅಂತ ಕೇಳಿದರೆ ಗಾಬರಿಯಾಗುತ್ತಾರೆ. 2024ರ ಆಗಸ್ಟ್‌ನಲ್ಲಿ ಬಂದ ಒಂದು ವಿಂಡೋಸ್ ಅಪ್‌ಡೇಟ್‌ನಿಂದ ಎಷ್ಟೋ ಜನರ ಲಿನಕ್ಸ್ ಬೂಟ್ ಆಗದೇ ನಿಂತಿತು. ಒಂದೇ ಮನೆಯಲ್ಲಿ ಇಬ್ಬರು ಯಜಮಾನರಿದ್ದರೆ ಇಂಥದ್ದು ನಡೆಯುತ್ತಲೇ ಇರುತ್ತದೆ.

ಮಾಡುವುದೇ ಆದರೆ ಜಾಗ ಕಡಿಮೆ ಮಾಡುವ ಕೆಲಸವನ್ನು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲೇ ಮಾಡಿ. ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ, ಇಲ್ಲದಿದ್ದರೆ ವಿಂಡೋಸ್ ಅರೆನಿದ್ದೆಯಲ್ಲಿದ್ದು ಮಿಂಟ್‌ನಿಂದ ಆ ಡ್ರೈವ್‌ಗೆ ಬರೆಯಲು ಬಿಡುವುದಿಲ್ಲ.

ಆಮೇಲೆ ಗಡಿಯಾರ. ಮಿಂಟ್‌ನಿಂದ ವಿಂಡೋಸ್‌ಗೆ ಹೋದರೆ ಸಮಯ ಐದೂವರೆ ಗಂಟೆ ಹಿಂದೆ ಇರುತ್ತದೆ. ಏನೂ ಕೆಟ್ಟಿಲ್ಲ. ಮದರ್‌ಬೋರ್ಡ್‌ನ ಗಡಿಯಾರದಲ್ಲಿ ಲಿನಕ್ಸ್ ವಿಶ್ವ ಸಮಯ ಇಡುತ್ತದೆ, ವಿಂಡೋಸ್ ಅದನ್ನು ನಮ್ಮ ಸಮಯ ಅಂದುಕೊಳ್ಳುತ್ತದೆ. ಭಾರತದ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ, ಲೆಕ್ಕ ಸರಿಹೋಯಿತಲ್ಲ. ಟೈಮ್‌ಡೇಟ್‌ಸಿಟಿಎಲ್ (timedatectl) ಅನ್ನುವ ಆಜ್ಞೆಯಲ್ಲಿ ಲಿನಕ್ಸ್‌ಗೂ ಸ್ಥಳೀಯ ಸಮಯವನ್ನೇ ಇಡು ಅಂತ ಹೇಳಿದರೆ ಸರಿಯಾಗುತ್ತದೆ.

ಕನ್ನಡ ಟೈಪ್ ಮಾಡುವುದು ಹೇಗೆ? ನುಡಿ ಸಿಗುತ್ತಾ?

ನುಡಿ ತಂತ್ರಾಂಶ ವಿಂಡೋಸ್‌ಗೆ ಮಾಡಿದ್ದು. ಆದರೆ ನಿಮಗೆ ಬೇಕಾಗಿರುವುದು ನುಡಿಯ ಕೀಲಿಮಣೆ ತಾನೆ, ಅದು ಇದೆ. ಲಿನಕ್ಸ್‌ನಲ್ಲಿ ಅದನ್ನು ಕಗಪ ಅಥವಾ ಕೆಜಿಪಿ ಅಂತ ಕರೆಯುತ್ತಾರೆ, ಕನ್ನಡ ಗಣಕ ಪರಿಷತ್ತಿನ ಹೆಸರಿನಲ್ಲಿ.

ದಾರಿ ಎರಡು. ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಲೇಔಟ್ಸ್ ಒಳಗೆ ಕನ್ನಡ ಅಂತ ಹುಡುಕಿದರೆ ಇನ್‌ಸ್ಕ್ರಿಪ್ಟ್ ಮತ್ತು ಕಗಪ ಎರಡೂ ಸಿಗುತ್ತವೆ. ಇನ್‌ಸ್ಕ್ರಿಪ್ಟ್ ರೂಢಿ ಇರುವವರಿಗೆ ಇಷ್ಟೇ ಸಾಕು. ನುಡಿ ರೂಢಿಯವರು ಎರಡನೇ ದಾರಿ ಹಿಡಿಯಿರಿ. ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಐಬಸ್ (ibus) ಮತ್ತು ಐಬಸ್ ಎಂ17ಎನ್ (ibus-m17n) ಅನ್ನುವ ಟೈಪಿಂಗ್ ಸಲಕರಣೆಗಳನ್ನು ಹಾಕಿಕೊಳ್ಳಿ. ಇನ್‌ಪುಟ್ ಮೆಥಡ್ ಕಿಟಕಿಯಲ್ಲಿ ಐಬಸ್ ಆರಿಸಿ, ಲಾಗ್‌ಔಟ್ ಆಗಿ ಮತ್ತೆ ಒಳಗೆ ಬನ್ನಿ. ಐಬಸ್ ಪ್ರಿಫರೆನ್ಸಸ್‌ನಲ್ಲಿ ಕನ್ನಡದ ಕೆಳಗೆ ಕೆಜಿಪಿ ಸೇರಿಸಿ. ಇಂಗ್ಲಿಷ್‌ನಿಂದ ಕನ್ನಡಕ್ಕೆ ಹೋಗಲು ವಿಂಡೋಸ್ ಕೀ ಮತ್ತು ಸ್ಪೇಸ್ ಒಟ್ಟಿಗೆ. ಈಗ ಕೆ, ಎನ್, ಎಫ್, ಎನ್, ಡಬ್ಲ್ಯೂ ಒತ್ತಿ ನೋಡಿ. ಕನ್ನಡ ಅಂತ ಬಂತಾ? ನುಡಿಯಲ್ಲಿ ಒತ್ತಕ್ಷರಕ್ಕೆ ಎಫ್ ಒತ್ತುತ್ತಿದ್ದಿರಲ್ಲ, ಇಲ್ಲೂ ಅದೇ. ಬೆರಳು ಹೊಸದಾಗಿ ಏನೂ ಕಲಿಯಬೇಕಾಗಿಲ್ಲ.

ಲಿಬ್ರೆಆಫೀಸ್ ರೈಟರ್‌ನಲ್ಲಿ ಒಂದು ಕೆಲಸ ಬಾಕಿ ಇದೆ. ಅದು ಇಂಗ್ಲಿಷ್ ಅಕ್ಷರಕ್ಕೆ ಒಂದು ಫಾಂಟ್, ಕನ್ನಡದಂಥ ಲಿಪಿಗೆ ಬೇರೆ ಫಾಂಟ್ ಇಟ್ಟುಕೊಳ್ಳುತ್ತದೆ. ಭಾಷೆಯ ಆಯ್ಕೆಗಳಲ್ಲಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಆನ್ ಮಾಡಿ, ಕನ್ನಡ ಆರಿಸಿ, ಅದರ ಫಾಂಟನ್ನೂ ಅಲ್ಲೇ ಹೊಂದಿಸಿ. ಇದನ್ನು ಮಾಡದಿದ್ದರೆ ಇಂಗ್ಲಿಷ್ ಒಂದು ಗಾತ್ರ, ಕನ್ನಡ ಒಂದು ಗಾತ್ರ ಆಗಿ ಅರ್ಜಿಯೇ ಸೊಟ್ಟಗೆ ಕಾಣುತ್ತೆ.

ಫಾಂಟ್ ಬೇಕಾದರೆ ನೋಟೋ ಸಾನ್ಸ್ ಕನ್ನಡ ಓದಲು ಚೆನ್ನಾಗಿದೆ. ಕನ್ನಡ ಫಾಂಟುಗಳ ಒಂದು ಕಟ್ಟು ಸಾಫ್ಟ್‌ವೇರ್ ಸಂಗ್ರಹದಲ್ಲೇ ಇದೆ, ಅದರಲ್ಲಿ ಲೋಹಿತ್, ಗುಬ್ಬಿ, ಕೈಬರಹದಂತಿರುವ ನವಿಲು ಬರುತ್ತವೆ.

ಹಳೇ ನುಡಿ ಫೈಲು ತೆರೆದರೆ ಏನೇನೋ ಚಿಹ್ನೆ ಬರುತ್ತಿದೆ. ಫೈಲ್ ಹಾಳಾಯಿತಾ?

ಇಲ್ಲ. ಅದು ಯೂನಿಕೋಡ್ ಮುಂಚಿನ ಆಸ್ಕಿ ಪಠ್ಯ. ಒಳಗೆ ಇರುವುದು ಇಂಗ್ಲಿಷಿನ ಮತ್ತು ಯುರೋಪಿನ ಅಕ್ಷರಗಳೇ, ನುಡಿ ಫಾಂಟ್ ಅವುಗಳ ಜಾಗದಲ್ಲಿ ಕನ್ನಡದ ಚಿತ್ರ ತೋರಿಸುತ್ತಿತ್ತು. ಫಾಂಟ್ ಇಲ್ಲದ ಕಡೆ ವೇಷ ಕಳಚುತ್ತದೆ.

ಸುಮ್ನೆ ಓದಿ ಪ್ರಿಂಟ್ ತೆಗೆಯಬೇಕು ಅಂದರೆ ಹಳೇ ಮಷಿನ್‌ನಿಂದ ನುಡಿಯ ಫಾಂಟ್ ಫೈಲುಗಳನ್ನು ತಂದು ಇಲ್ಲಿ ಡಬಲ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಕೊಡಿ, ಮೊದಲಿನಂತೆ ಕಾಣುತ್ತದೆ. ತಿದ್ದಬೇಕು, ಹುಡುಕಬೇಕು, ವಾಟ್ಸಾಪ್‌ನಲ್ಲಿ ಕಳಿಸಬೇಕು ಅಂದರೆ ಯೂನಿಕೋಡ್‌ಗೆ ಬದಲಿಸಲೇಬೇಕು. ಪರಿವರ್ತಕಗಳು ಜಾಲದಲ್ಲಿ ಉಚಿತವಾಗಿವೆ. ಬದಲಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಮತ್ತು ನಡುವೆ ಇದ್ದ ಇಂಗ್ಲಿಷ್ ಪದಗಳನ್ನು ಕಣ್ಣಾರೆ ನೋಡಿ. ಕನ್ನಡ ಕಾಗದದ ಮಧ್ಯೆ ಇದ್ದ ಇಂಗ್ಲಿಷನ್ನೂ ಪರಿವರ್ತಕ ಕನ್ನಡ ಅಂದುಕೊಂಡು ತಿರುಗಿಸಿಬಿಡುತ್ತದೆ. ಮೂಲ ಫೈಲನ್ನು ಅಳಿಸಬೇಡಿ.

ಪ್ರಿಂಟರ್?

ಎಪ್ಸನ್‌ನ ಇಂಕ್ ಟ್ಯಾಂಕ್ ಪ್ರಿಂಟರ್‌ಗಳು, ಬ್ರದರ್, ಈಚಿನ ವೈಫೈ ಪ್ರಿಂಟರ್‌ಗಳು ಸಾಮಾನ್ಯವಾಗಿ ತಕರಾರಿಲ್ಲದೆ ಸೇರಿಕೊಳ್ಳುತ್ತವೆ. ಎಚ್‌ಪಿಗೆ ಎಚ್‌ಪಿಲಿಪ್ (HPLIP) ಅನ್ನುವ ಡ್ರೈವರ್ ಕಟ್ಟು ಇದೆ. ಲೇಸರ್‌ಜೆಟ್ 1020ರಂಥ ಹಳಬರಿಗೆ ಅದರ ಜೊತೆ ಪ್ಲಗಿನ್ ಕೂಡ ಇಳಿಸಬೇಕು.

ತಲೆನೋವು ಕೊಡುವುದು ಕ್ಯಾನನ್ ಎಲ್‌ಬಿಪಿ 2900. ಜೆರಾಕ್ಸ್ ಅಂಗಡಿ, ಆಡಿಟರ್ ಆಫೀಸು, ಎಲ್ಲಿ ನೋಡಿದರೂ ಅದೇ. ಗಟ್ಟಿ ಮಷಿನ್, ಸಾಯುವುದೇ ಇಲ್ಲ. ಆದರೆ ಅದು ಕ್ಯಾಪ್ಟ್ ಅನ್ನುವ ತನ್ನದೇ ಭಾಷೆ ಮಾತಾಡುತ್ತದೆ, ಲಿನಕ್ಸ್‌ನಲ್ಲಿ ಅದರ ಡ್ರೈವರ್ ಹಾಕುವುದು ಸಾಮಾನ್ಯರ ಕೆಲಸ ಅಲ್ಲ. ನಿಮ್ಮ ದಿನದ ಕೆಲಸ ಆ ಪ್ರಿಂಟರ್ ಮೇಲೆ ನಿಂತಿದ್ದರೆ ಇನ್‌ಸ್ಟಾಲ್ ಮಾಡುವ ಮುಂಚೆಯೇ ಈ ವಿಷಯ ಇತ್ಯರ್ಥ ಮಾಡಿಕೊಳ್ಳಿ.

ಅಮ್ಮನಿಗೆ ಹಾಕಿಕೊಡುತ್ತಿದ್ದೇನೆ. ಡೆಸ್ಕ್‌ಟಾಪ್ ಹೇಗೆ ಜೋಡಿಸಲಿ?

ನಿಮಗೆ ಇಷ್ಟವಾದಂತೆ ಜೋಡಿಸಬೇಡಿ. ಅವರ ಹಳೇ ಡೆಸ್ಕ್‌ಟಾಪಿನ ಫೋಟೋವನ್ನು ಫೋನ್‌ನಲ್ಲಿ ಮೊದಲೇ ತೆಗೆದುಕೊಳ್ಳಿ. ಯಾವ ಐಕಾನ್ ಎಲ್ಲಿತ್ತೋ ಅಲ್ಲೇ ಇಡಿ, ಹಿಂದೆ ಇದ್ದ ಮೊಮ್ಮಗುವಿನ ಚಿತ್ರವನ್ನೂ ಹಾಕಿ. ಕ್ರೋಮ್ ಬಳಸುತ್ತಿದ್ದವರಿಗೆ ಕ್ರೋಮೇ ಹಾಕಿಕೊಡಿ, ಫೈರ್‌ಫಾಕ್ಸ್ ಯಾಕೆ ಒಳ್ಳೆಯದು ಅನ್ನುವ ಭಾಷಣ ಇವತ್ತು ಬೇಡ. ಮಿಂಟ್‌ನಲ್ಲಿ ವೆಬ್ ಆಪ್ಸ್ ಅನ್ನುವ ಸಲಕರಣೆ ಇದೆ. ವಾಟ್ಸಾಪ್, ಜಿಮೇಲ್, ಬ್ಯಾಂಕಿನ ಪುಟಕ್ಕೆ ಒಂದೊಂದು ಐಕಾನ್ ಅದರಲ್ಲಿ ಮಾಡಿ ಕೆಳಪಟ್ಟಿಗೆ ಹಾಕಿಡಿ.

ಅಕ್ಷರದ ಗಾತ್ರವನ್ನು ಫಾಂಟ್ ಸೆಟ್ಟಿಂಗ್ಸ್‌ನಲ್ಲಿ 1.2ಕ್ಕೆ ಏರಿಸಿ, ಮೌಸ್ ಬಾಣವನ್ನು ದೊಡ್ಡದು ಮಾಡಿ. ಇದೊಂದರಿಂದ ಸಿಗುವ ಶಹಬ್ಬಾಸ್ ಬೇರೆ ಯಾವುದರಿಂದಲೂ ಸಿಗಲ್ಲ. ಮೆನುಗಳನ್ನು ಕನ್ನಡಕ್ಕೆ ಬದಲಿಸಬಹುದು, ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇದೆ. ಆದರೆ ಅನುವಾದ ಪೂರ್ತಿ ಆಗಿಲ್ಲ, ಅರ್ಧ ಕನ್ನಡ ಅರ್ಧ ಇಂಗ್ಲಿಷ್ ಕಾಣುತ್ತದೆ. ಅವರನ್ನೇ ಕೇಳಿ. ಎಷ್ಟೋ ಹಿರಿಯರಿಗೆ ಸೇವ್, ಪ್ರಿಂಟ್, ಡಿಲೀಟ್ ಅನ್ನುವುದೇ ಬಾಯಿಪಾಠ ಆಗಿರುತ್ತದೆ, ಅವರಿಗೆ ಉಳಿಸು ಅಂದರೆ ಗೊಂದಲ.

ಮನೆಯಲ್ಲೇ ಇರುವ ಡೆಸ್ಕ್‌ಟಾಪ್ ಆದರೆ ಲಾಗಿನ್ ತಾನಾಗೇ ಆಗಲಿ. ಪಾಸ್‌ವರ್ಡ್ ಇದ್ದೇ ಇರುತ್ತದೆ, ಅದನ್ನು ಹಾಲಿನ ಲೆಕ್ಕದ ಪುಸ್ತಕದಲ್ಲೋ ಡೈರಿಯಲ್ಲೋ ಬರೆದಿಡಿ. ಡಿಸ್ಕ್‌ಗೇ ಪಾಸ್‌ವರ್ಡಿನ ಬೀಗ ಹಾಕುವ ಎನ್‌ಕ್ರಿಪ್ಷನ್ ಊರೂರು ತಿರುಗುವ ಲ್ಯಾಪ್‌ಟಾಪಿಗೆ ಬೇಕು. ಅಮ್ಮನ ಡೆಸ್ಕ್‌ಟಾಪಿಗೆ ಬೇಡ, ಮರೆತರೆ ಫೋಟೋಗಳೆಲ್ಲ ಹೋದವು ಅಂತಲೇ ಲೆಕ್ಕ.

ಮಾಡಿ ಮುಗಿಸಿದ ಮೇಲೆ ಎದ್ದು ಹೋಗಬೇಡಿ. ಅವರನ್ನೇ ಕೂರಿಸಿ ಒಂದು ಫೋಟೋ ತೆರೆಯಲಿ, ಪೆನ್‌ಡ್ರೈವ್ ಹಾಕಿ ತೆಗೆಯಲಿ, ಒಂದು ಪಿಡಿಎಫ್ ಪ್ರಿಂಟ್ ಕೊಡಲಿ. ನೀವು ಕೈ ಕಟ್ಟಿಕೊಂಡು ನೋಡಿ, ಮೌಸ್ ಕಿತ್ತುಕೊಳ್ಳಬೇಡಿ. ಎಲ್ಲಿ ತಡವರಿಸುತ್ತಾರೋ ಅದನ್ನು ಅಲ್ಲೇ ಸರಿಮಾಡಿ.

ದೂರದಿಂದ ಸಹಾಯ ಮಾಡಲು ಎನಿಡೆಸ್ಕ್ ಹಾಕಿಡಲಾ?

ಹಾಕಿ, ಅಥವಾ ರಸ್ಟ್‌ಡೆಸ್ಕ್ ಹಾಕಿ. ಆದರೆ ಬ್ಯಾಂಕಿನಿಂದ ಮಾತಾಡುತ್ತಿದ್ದೇವೆ ಅಂತ ಫೋನ್ ಮಾಡಿ, ಇಂಥದೇ ಆಪ್ ತೆರೆಸಿ ದುಡ್ಡು ಎತ್ತುವವರು ಇರುವುದು ನಿಮಗೂ ಗೊತ್ತು. ನಾನು ಫೋನಿನಲ್ಲಿ ಹೇಳಿದಾಗ ಮಾತ್ರ ಇದನ್ನು ತೆರೆಯಬೇಕು ಅಂತ ಮನೆಯವರಿಗೆ ಬಿಡಿಸಿ ಹೇಳಿ. ಲಿನಕ್ಸ್ ಹಾಕಿದ ಮಾತ್ರಕ್ಕೆ ಈ ಮೋಸ ತಪ್ಪಲ್ಲ.

ಆಂಟಿವೈರಸ್ ಬೇಡವಾ?

ಮನೆ ಬಳಕೆಗೆ ಬೇಡ. ಸಾಫ್ಟ್‌ವೇರ್ ಮ್ಯಾನೇಜರ್‌ನಿಂದಲೇ ಹಾಕಿಕೊಳ್ಳಿ, ಎಲ್ಲೆಲ್ಲಿಂದಲೋ ಇಳಿಸಬೇಡಿ, ಅಪ್‌ಡೇಟ್ ಬಿಡಬೇಡಿ.

ಅಪ್‌ಡೇಟ್ ಮಾಡಿದ ಮೇಲೆ ಏನಾದರೂ ಕೆಟ್ಟರೆ?

ಅದಕ್ಕೇ ಟೈಮ್‌ಶಿಫ್ಟ್ ಇದೆ, ಮಿಂಟ್ ಜೊತೆಗೇ ಬರುತ್ತದೆ. ಮೊದಲ ದಿನವೇ ತೆರೆದು ವಾರಕ್ಕೊಂದು, ಒಟ್ಟು ಎರಡು ಪ್ರತಿ ಇಡುವಂತೆ ಹೊಂದಿಸಿ. ಜಾಸ್ತಿ ಇಟ್ಟರೆ ಸಣ್ಣ ಎಸ್‌ಎಸ್‌ಡಿ ತುಂಬಿ ಅದೇ ಒಂದು ತೊಂದರೆ. ಏನಾದರೂ ಕೆಟ್ಟರೆ ಹಿಂದಿನ ವಾರದ ಸ್ಥಿತಿಗೆ ಮರಳಬಹುದು. ಒಂದು ಎಚ್ಚರ: ಟೈಮ್‌ಶಿಫ್ಟ್ ಉಳಿಸುವುದು ಸಿಸ್ಟಮನ್ನು, ನಿಮ್ಮ ಫೋಟೋಗಳನ್ನಲ್ಲ. ಅವಕ್ಕೆ ಬೇರೆ ಡಿಸ್ಕ್‌ನಲ್ಲಿ ಬ್ಯಾಕಪ್ ಬೇಕೇ ಬೇಕು.

ಅಪ್‌ಡೇಟ್ ಮ್ಯಾನೇಜರ್‌ನ ಆಯ್ಕೆಗಳಲ್ಲಿ ಆಟೊಮೇಷನ್ ಅಂತ ಇದೆ. ಹಿರಿಯರ ಮಷಿನ್‌ಗೆ ಅದನ್ನು ಆನ್ ಮಾಡಿ, ಟೈಮ್‌ಶಿಫ್ಟ್ ಹೊಂದಿಸಿದ ಮೇಲೆ ಮಾತ್ರ. ಅಲ್ಲೇ ಸಾಫ್ಟ್‌ವೇರ್ ಸೋರ್ಸಸ್‌ನಲ್ಲಿ ಭಾರತದ ಮಿರರ್ (ಅಪ್‌ಡೇಟ್‌ಗಳ ಪ್ರತಿ ಇಟ್ಟಿರುವ ಸರ್ವರ್) ಆರಿಸಿದರೆ ಅಪ್‌ಡೇಟ್ ಬೇಗ ಇಳಿಯುತ್ತದೆ.

ಹಿಡಿಸಲಿಲ್ಲ. ವಿಂಡೋಸ್‌ಗೆ ವಾಪಸ್ ಹೋಗಬಹುದಾ?

ಹೋಗಬಹುದು. ಲ್ಯಾಪ್‌ಟಾಪ್ ಜೊತೆ ಬಂದ ವಿಂಡೋಸ್ ಲೈಸೆನ್ಸ್ ಸಾಮಾನ್ಯವಾಗಿ ಆ ಮಷಿನ್‌ನ ಮದರ್‌ಬೋರ್ಡಿಗೇ ಅಂಟಿಕೊಂಡಿರುತ್ತದೆ. ಅದೇ ಆವೃತ್ತಿ, ಅಂದರೆ ಹೋಮ್ ಇದ್ದರೆ ಹೋಮ್, ಮತ್ತೆ ಹಾಕಿ ನೆಟ್ ಸೇರಿಸಿದರೆ ತಾನೇ ಆಕ್ಟಿವೇಟ್ ಆಗುತ್ತದೆ. ಅಲ್ಲೂ ಫೈಲು ಅಳಿಸಿಹೋಗುತ್ತವೆ, ಬ್ಯಾಕಪ್ ಮಾತು ಮತ್ತೆ ಬಂತು. ವಿಂಡೋಸ್‌ನ ಪೆನ್‌ಡ್ರೈವನ್ನು ಮಿಂಟ್ ಹಾಕುವ ಮುಂಚೆಯೇ ಮಾಡಿಟ್ಟುಕೊಳ್ಳುವುದು ಜಾಣತನ, ಆಮೇಲೆ ಇನ್ನೊಬ್ಬರ ಮಷಿನ್ ಹುಡುಕಿಕೊಂಡು ಹೋಗುವುದು ತಪ್ಪುತ್ತದೆ. ಹಳೇ ಡಿಸ್ಕ್ ತೆಗೆದಿಟ್ಟು ಹೊಸ ಎಸ್‌ಎಸ್‌ಡಿಗೆ ಮಿಂಟ್ ಹಾಕಿದವರಿಗೆ ಈ ಯಾವ ಗೋಜೂ ಇಲ್ಲ, ಎರಡು ಸ್ಕ್ರೂ ಬಿಚ್ಚಿ ಹಳೆಯದನ್ನೇ ವಾಪಸ್ ಹಾಕಿದರೆ ಆಯಿತು.